ಪಡುವಣ ಕಂಬದ ಕೆಳಗೆ ಒಂದು ದುಂಡು ಗೆರೆ

ಕೆಂಪು ಮಣ್ಣಿನ ಮೇಲೊಂದು ದುಂಡು ಗೆರೆ, ಅಷ್ಟೇನೂ ದುಂಡಗಿಲ್ಲ, ಒಂದು ಕಡೆ ಹೊಟ್ಟೆ ಉಬ್ಬಿದ ಹಾಗಿದೆ, ಒಬ್ಬ ಮನುಷ್ಯ ಎರಡು ಕಾಲೂರಿ ನಿಲ್ಲುವಷ್ಟು ಅಗಲ, ಅದರೊಳಗೆ ನಿಂತುಬಿಡಿ ಚೆಲುವರಾಜು ಎಂದಿದ್ದ ದೊರೆಸ್ವಾಮಿ, ಕ್ಯಾಪ್ಟನ್ ಹೇಳಿದ ಮೇಲೆ ನಿಲ್ಲಬೇಕು, ನಿಂತಿದ್ದಾನೆ — ಇಪ್ಪತ್ತೈದು ವರ್ಷದ ಗಂಡಸು, ಹೂಟಗಳ್ಳಿಯಿಂದ ದಿನವೂ ಸೈಕಲ್ ತುಳಿದು ಮೈಸೂರಿಗೆ ಬಂದು ಕಚೇರಿಯಲ್ಲಿ ಕಾಗದ ನಕಲು ಮಾಡುವ ಗುಮಾಸ್ತೆ, ಬ್ಯಾಸ್ಕೆಟ್‌ಬಾಲ್ ಆಡುತ್ತಾನೆ ಅಂತಲೇ ಆ ಕುರ್ಚಿ ಸಿಕ್ಕಿದವನು, ಈಗ ನೂರಾರು ಜನರ ಎದುರಿಗೆ ಕುಂಟಾಬಿಲ್ಲೆ ಆಡುವ ಹುಡುಗಿಯ ಹಾಗೆ ಗೆರೆಯೊಳಗೆ ನಿಂತಿದ್ದಾನೆ, ಕುಂಟಾಬಿಲ್ಲೆ, ಬೇಡ, ಆ ಮಾತು ಬೇಡ, ಮೊಣಕಾಲಿಗೆ ಕೇಳಿಸೀತು. ಸೀಟಿ ಊದಿತು. ಎರಡನೆಯ ಅರ್ಧ ಶುರು. ಬಾಲು ಬೆಂಗಳೂರಿನವರ ಕೈಯಲ್ಲಿ, ನೆಲಕ್ಕೆ ಟಪ್ ಟಪ್, ಬಂದ ನೋಡು ಏಳನೇ ನಂಬರಿನವನು, ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದಷ್ಟು ಎತ್ತರ, ಕಣ್ಣಲ್ಲೇ ಹುಡುಕುತ್ತಿದ್ದಾನೆ, ಎಲ್ಲಿ ನನ್ನ ಹಿಂದೆ ಬರುತ್ತಿದ್ದ ಆ ಹುಡುಗ ಅಂತ, ಮೊದಲರ್ಧದಲ್ಲಿ ಇವನೊಬ್ಬನೇ ಹದಿನೇಳು ಪಾಯಿಂಟು ಹಾಕಿದ, ಯಾರನ್ನು ದಾಟಿ, ಚೆಲುವರಾಜುವನ್ನು ದಾಟಿ. ಒಬ್ಬೊಬ್ಬರಿಗೆ ಒಬ್ಬೊಬ್ಬನೆಂದು ಹಂಚಿಕೊಂಡು ಆಡುವ ತಂಡ ಇದು, ಮೂರು ವರ್ಷದಿಂದ ಹಾಗೇ, ಎದುರು ಕಡೆಯಲ್ಲಿ ಯಾವನು ಮಹಾಶೂರನೋ ಅವನನ್ನು ಚೆಲುವರಾಜುಗೆ ಬಿಡಿ, ನೆರಳಿನ ಹಾಗೆ ಅಂಟಿಕೋತಾನೆ ಅನ್ನುತ್ತಿದ್ದರು — ಇವತ್ತು ನೆರಳು ಹತ್ತು ಹೆಜ್ಜೆ ಹಿಂದೆ ಬಿತ್ತು. ಇಪ್ಪತ್ತೇಳು ಅವರದು, ಹತ್ತೊಂಬತ್ತು ನಮ್ಮದು. ಬಿಡುವಿನಲ್ಲಿ ಯಾರೂ ಏನೂ ಅನ್ನಲಿಲ್ಲ, ಅದೇ ಕಷ್ಟ, ಒಬ್ಬನಾದರೂ ಬೈದಿದ್ದರೆ ಹಗುರಾಗುತ್ತಿತ್ತು. ದೊರೆಸ್ವಾಮಿ ನಿಂಬೆಹೋಳು ಚೀಪುತ್ತ ಅಂದ, ಇನ್ಮೇಲೆ ಯಾರೂ ಯಾರ ಹಿಂದೇನೂ ಓಡೋದು ಬೇಡ ಕಣ್ರಪ್ಪ, ಝೋನ್ ಹಾಕೋಣ, ಮುಂದೆ ಇಬ್ಬರು, ಹಿಂದೆ ಮೂವರು, ಅವರವರ ಜಾಗ ಅವರವರು ಕಾಯೋದು. ಪುಟ್ಟಸ್ವಾಮಿ ಬಾಯಿ ಬಿಟ್ಟುಕೊಂಡು ನೋಡಿದ, ಅದು ನಮಗೆ ಸರಿಯಾಗಿ ಬರಲ್ವಲ್ಲ ಸಾರ್, ಮೂರು ಸಂಜೆ ತಮಾಷೆಗೆ ಆಡಿದ್ದು. ಬರದೇ ಇದ್ರೆ ಬರದೇ ಇರೋ ಹಾಗೇ ಆಡೋಣ ಎಂದ ದೊರೆಸ್ವಾಮಿ, ನಗದೆ.

ಪಲ್ಯ, ಪಲ್ಯ! ಎಡಗಡೆಯಿಂದ ಪುಟ್ಟಸ್ವಾಮಿ ಕಿರುಚುತ್ತಾನೆ, ಬಾಲು ಎಡಕ್ಕೆ ಬಂತು ಅಂತ ಅರ್ಥ, ಐವರೂ ಎಡಕ್ಕೆ ಜರುಗಬೇಕು, ಜರುಗಿದರು, ಚಾಮಯ್ಯ ಮತ್ತು ಮರಿಸ್ವಾಮಿ ಭುಜಕ್ಕೆ ಭುಜ ಗುದ್ದಿಕೊಂಡರು, ನೋಡುವವರ ಕಡೆಯಿಂದ ನಗು, ಬೆಂಗಳೂರಿನವನು ಬಾಲು ಹಿಡಿದುಕೊಂಡು ಬೆಪ್ಪಾಗಿ ನಿಂತ, ಪಲ್ಯ ಅಂದರೆ ಏನು ಅಂತ ಅವನ ಮುಖದಲ್ಲಿ ಬರೆದಿದೆ, ಆ ಕಡೆಗೆ ಎಸೆದ, ಹುಳಿ ಹುಳಿ ಹುಳಿ ಅಂತ ಮರಿಸ್ವಾಮಿ, ಐವರೂ ಬಲಕ್ಕೆ, ಚೆಲುವರಾಜು ಒಂದೇ ಒಂದು ಹೆಜ್ಜೆ ಬಲಕ್ಕೆ, ಎಡಗಾಲಿನ ಮೇಲೆ ಭಾರ ಹಾಕಿ, ಬಲ ಮೊಣಕಾಲು ಸುಮ್ಮನಿದೆ, ಸುಮ್ಮನಿರು ತಾಯಿ, ಇನ್ನು ಹದಿನೆಂಟು ನಿಮಿಷ. ಅಗ್ರಹಾರದ ಛತ್ರದ ಹಿತ್ತಲಲ್ಲಿ ಹುಟ್ಟಿದ ಆಟ ಇದು, ಹೋದ ವಾರ, ಮೈದಾನದಲ್ಲಿ ಪಂದ್ಯಕ್ಕೆ ನೀರು ಹಾಕಿ ಉರುಳುಗಲ್ಲು ಉರುಳಿಸುತ್ತಿದ್ದರು ಅಂತ ದೊರೆಸ್ವಾಮಿ ತನ್ನ ಬೀದಿಯ ಛತ್ರಕ್ಕೆ ಕರೆದುಕೊಂಡು ಹೋಗಿದ್ದ, ಕಂಬ ಇಲ್ಲ, ಬುಟ್ಟಿ ಇಲ್ಲ, ಒಲೆಯ ಬೂದಿಯಲ್ಲಿ ಗೆರೆ ಹಾಕಿ, ನೂರು ಎಲೆ ಹಾಕಿದಾಗ ಬಡಿಸೋರು ಒಬ್ಬೊಬ್ಬ ಉಣ್ಣೋನ ಹಿಂದೆ ಓಡ್ತಾರೇನ್ರೀ, ಸಾಲು ಹಂಚ್ಕೋತಾರೆ, ಪಕ್ಕದ ಸಾಲಿನವನು ಅಡುಗೆಮನೆಗೆ ಹೋದ್ರೆ ಇವನು ಎರಡು ಹೆಜ್ಜೆ ಆ ಕಡೆಗೂ ನೋಡ್ಕೋತಾನೆ, ಅದೇ ಕಣ್ರೀ ಝೋನ್ ಅಂದ್ರೆ, ಮದರಾಸಿನವರು ಆಡಿದ್ದು ನೋಡಿದೀನಿ, ಏನೂ ಬ್ರಹ್ಮವಿದ್ಯೆ ಅಲ್ಲ. ಹತ್ತನೇ ವಯಸ್ಸಿನಿಂದ ಪಂಕ್ತಿಯಲ್ಲಿ ಬಡಿಸಿದ ಕೈ ಅದು, ತೋರಿಸುತ್ತಿದ್ದರೆ ಬಕೆಟ್ಟು ಕಾಣಿಸುತ್ತಿತ್ತು. ಎಡಕ್ಕೆ ಬಂದರೆ ಪಲ್ಯ ಅನ್ನಿ, ಬಲಕ್ಕೆ ಹುಳಿ, ನಡುವೆ ಬಂದರೆ ಅನ್ನ. ಅನ್ನದವನು ಜಾಗ ಬಿಡಬಾರದು, ಮಿಕ್ಕವರು ಓಡಾಡಲಿ, ಅನ್ನ ನೀವು ಚೆಲುವರಾಜು. ಆ ಛತ್ರದಲ್ಲಿ ಬಕೆಟ್ಟು ಹಿಡಿಯುವ ಮನೆಯವನಲ್ಲ ಚೆಲುವರಾಜು, ಅಪ್ಪ ಆ ಹಿತ್ತಲಿಗೆ ಬಂದದ್ದು ಬಾಳೆಲೆ ಹೊರೆ ಇಳಿಸುವುದಕ್ಕೆ, ದೊರೆಸ್ವಾಮಿಗೆ ಅದು ಗೊತ್ತು, ಗೊತ್ತಿದ್ದೂ ಅನ್ನ ನೀವು ಅಂದ, ಅವತ್ತು ಎಲ್ಲರೂ ನಕ್ಕರು, ಇವನೂ ನಕ್ಕ, ನಗುವಾಗಲೇ ಬಲಗಾಲು ಕಳಚಿಕೊಂಡ ಹಾಗಾಗಿ ಗೋಡೆ ಹಿಡಿದ. ದೊರೆಸ್ವಾಮಿ ಹತ್ತಿರ ಬಂದ. ಏನಾದ್ರೂ ಹೇಳೋದಿತ್ತೇನ್ರೀ ಚೆಲುವರಾಜು? ಇಲ್ಲ ಸಾರ್. ಏನೂ ಇಲ್ಲ ತಾನೇ? ಹೊಸಾ ಶೂ ಸಾರ್, ಕಚ್ತಾ ಅದೆ.

ಶೂ ಅಲ್ಲ, ಕಬ್ಬಿನ ಗಾಡಿ. ಮೂರು ವಾರದ ಹಿಂದೆ, ಊರಿನ ಇಳಿಜಾರಿನಲ್ಲಿ ಗಾಡಿ ಅಡ್ಡ ಬಂತು, ಬ್ರೇಕು ಹಿಡಿಯಲಿಲ್ಲ, ಸೈಕಲ್ಲು ಒಂದು ಕಡೆ ಇವನು ಒಂದು ಕಡೆ, ಮೊಣಕಾಲು ಕಲ್ಲಿಗೆ, ಟಕ್ ಅಂತ ಒಂದು ಸದ್ದು, ಸೌದೆ ಮುರಿದ ಹಾಗಲ್ಲ, ಚಿಲಕ ಹಾಕಿಕೊಂಡ ಹಾಗೆ, ಆ ಸದ್ದು ಈಗಲೂ — ಅವ್ವ ಪುಟ್ಟತಾಯಮ್ಮ ಹರಳೆಣ್ಣೆ ಕಾಯಿಸಿ ತಿಕ್ಕಿ, ಹರಳೆಲೆ ಬಾಡಿಸಿ ಕಟ್ಟಿ, ಯಾಕ್ಲಾ ಮಗ, ಹೇಳ್ಬುಡು ನಿನ್ ಕಚೇರಿಯೋರ್ಗೆ, ಕಾಲ್ಗಿಂತ ಹೆಚ್ಚೇನ್ಲಾ ಆ ಚೆಂಡು? ಹೆಚ್ಚು ಕಣವ್ವ. ಚೆಂಡು ಇದ್ದರೆ ಕುರ್ಚಿ. ಸೂಪರಿಂಟೆಂಡೆಂಟ್ ನಂಜುಂಡಯ್ಯನವರು ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದ್ದಾರೆ, ತಂಡದಲ್ಲಿ ಹಂಗಾಮಿಯವರು ಇಬ್ಬರು, ಚೆಲುವರಾಜು ಮತ್ತೆ ಹುಚ್ಚಣ್ಣ, ಮಾರ್ಚ್ ಕೊನೆಗೆ ಇಬ್ಬರ ಆರ್ಡರೂ ಮುಗಿಯುತ್ತೆ, ಕಪ್ ತಂದರೆ ಒಬ್ಬರನ್ನ ಕಾಯಂ ಮಾಡಿಸೋ ಶಕ್ತಿ ನನಗಿದೆ, ಫೈನಲ್ಲಿನಲ್ಲಿ ಯಾರು ಆಡಿದ್ರೋ ಅವರನ್ನ, ಬೆಂಚಿನ ಮೇಲೆ ಕೂತವರನ್ನಲ್ಲ, ಗೊತ್ತಾಯಿತೇ. ಗೊತ್ತಾಯಿತು. ಚೆನ್ನಾಗಿ ಗೊತ್ತಾಯಿತು. ಹುಚ್ಚಣ್ಣನಿಗೂ ಗೊತ್ತಾಯಿತು. ಹುಚ್ಚಣ್ಣ ಈಗ ಬೆಂಚಿನ ಮೇಲೆ ಕೂತಿದ್ದಾನೆ, ಆರನೆಯವನು, ಎರಡು ಕಾಲೂ ಗಟ್ಟಿಯಾಗಿರುವವನು, ಕ್ಯಾನ್ವಾಸ್ ಶೂಗೆ ಬೆಳಗ್ಗೆ ಸೀಮೆಸುಣ್ಣ ಬಳಿದುಕೊಂಡು ಬಂದಿದ್ದಾನೆ, ಬೆಳ್ಳಗೆ ಹೊಳೆಯುತ್ತಿವೆ, ಮೈದಾನದ ಕೆಂಪು ಮಣ್ಣು ಒಂದು ಚಿಟಿಕೆಯೂ ತಾಗಿಲ್ಲ, ಹೊಡೀರಿ ಚೆಲುವಣ್ಣ, ಬಿಡಬ್ಯಾಡಿ ಚೆಲುವಣ್ಣ ಅಂತ ಎಲ್ಲರಿಗಿಂತ ಜೋರಾಗಿ ಕೂಗುವುದೂ ಅವನೇ, ಕೂಗಬೇಡ ಮಾರಾಯ, ಕೂಗಬೇಡ.

ಹುಳಿ! ಬಾಲು ಬಲಕ್ಕೆ, ಅಲ್ಲ, ನಡುವೆ, ಚಾಮಯ್ಯನ ಜಾಗ ಮುಗಿದು ಪುಟ್ಟಸ್ವಾಮಿಯ ಜಾಗ ಶುರುವಾಗುವ ಕಡೆ ಸರಿಯಾಗಿ ಬಂತು, ಪುಟ್ಟಸ್ವಾಮಿ ಕೈ ಚಾಚಿದವನು ಚಾಮಯ್ಯನವರು ಬಂದರು ಅಂತ ಹಿಂದೆಗೆದ, ನೀವೇ ತಗೊಳ್ಳಿ ಅಂದ, ಚಾಮಯ್ಯ ಇಲ್ಲಪ್ಪ ನಿನ್ನ ಕಡೆ ಬಂತಲ್ಲ ನೀನೇ ಅಂದ, ಮದುವೆ ಮನೆಯ ಬಾಗಿಲಲ್ಲಿ ಇಬ್ಬರು ಬೀಗರು ನಿಂತ ಹಾಗೆ, ತಾವು ಮೊದಲು, ಛೆ ಛೆ ತಾವು, ಬಾಲು ಇಬ್ಬರ ನಡುವೆ ನೆಲಕ್ಕೆ ಕುಟ್ಟಿ ಬೆಂಗಳೂರಿನವನ ಕೈಗೆ ಹೋಯಿತು, ಅವನು ನಗುತ್ತಲೇ ಹಾಕಿದ. ಎರಡು ಪಾಯಿಂಟು ಮರ್ಯಾದೆಗೆ ಹೋಯಿತು. ಮೈಸೂರಿನವರಲ್ಲದೆ ಇನ್ಯಾರು ಹೀಗೆ ಸೋಲುತ್ತಾರೆ. ದೊರೆಸ್ವಾಮಿ, ಯಾವತ್ತೂ ದನಿ ಏರಿಸದವನು, ಗಂಟಲು ಹರಿಯುವ ಹಾಗೆ ಕೂಗಿದ, ಉಪಚಾರ ಸಾಕು, ಇಬ್ರೂ ಬೀಳಿ ಅದರ ಮೇಲೆ, ತಲೆ ಒಡೆದುಕೊಂಡ್ರೂ ಚಿಂತೆಯಿಲ್ಲ, ಬೀಳಿ! ಬಿದ್ದರು. ಆಮೇಲೆ ಬಂದದ್ದಕ್ಕೆಲ್ಲ ಬಿದ್ದರು, ಇಬ್ಬರು ಹೋಗಬೇಕಾದ ಕಡೆ ಮೂವರು, ಕಾಲು ತುಳಿದುಕೊಂಡು, ಕೈಗೆ ಕೈ ಬಡಿದು, ಪಲ್ಯ ಅನ್ನ ಹುಳಿ ಅಂತ ಅರಚುತ್ತ, ನೋಡುವುದಕ್ಕೆ ಸಂತೆಯ ಹಾಗಿದೆ ಈ ಝೋನು, ಅಂದಚೆಂದ ಏನೂ ಇಲ್ಲ, ಜಯಲಕ್ಷ್ಮಿಪುರಂನಿಂದ ಕೋಟು ಹಾಕಿಕೊಂಡು ಆಟ ನೋಡಲು ಬಂದಿರುವ ಪ್ರೊಫೆಸರೊಬ್ಬರು ತಲೆ ಅಲ್ಲಾಡಿಸುತ್ತಿದ್ದಾರೆ, ಅಲ್ಲಾಡಿಸಲಿ, ಬಾಲು ಮಾತ್ರ ಒಳಕ್ಕೆ ಬರುತ್ತಿಲ್ಲ. ಒಳಗೆ ಬರಲಾರದೆ ಬೆಂಗಳೂರಿನವರು ದೂರದಿಂದ ಎಸೆಯುತ್ತಾರೆ, ಪಡುವಣ ಕಡೆಗೆ ಮುಖ ಮಾಡಿ, ಇಳಿಯುವ ಸೂರ್ಯ ಅವರ ಕಣ್ಣಿಗೆ ನೇರ, ಹಣೆಗೆ ಕೈ ಅಡ್ಡ ಹಿಡಿದು ಎಸೆಯಲಾಗುತ್ತದೆಯೇ, ಬಾಲು ಹಲಗೆಗೆ ಬಡಿದು ಡಣ್ ಅಂತ ಆಚೆಗೆ, ಮತ್ತೊಂದು, ಡಣ್. ಸೂರ್ಯ ಚೆಲುವರಾಜುವಿನ ಬೆನ್ನಿಗೆ ಬೆಚ್ಚಗೆ. ಓ, ಅದಕ್ಕೇ. ಟಾಸು ಗೆದ್ದಾಗ ಮೊದಲರ್ಧ ನಾವು ಪಡುವಣ ಬುಟ್ಟಿಗೆ ಆಡ್ತೀವಿ ಎಂದನಲ್ಲ ದೊರೆಸ್ವಾಮಿ, ಬಿಸಿಲು ನಮ್ಮ ಕಣ್ಣಿಗೇ ಹೊಡೆಯಲ್ವಾ ಸಾರ್ ಅಂತ ಮರಿಸ್ವಾಮಿ ಗೊಣಗಿದ್ದಕ್ಕೆ, ಈಗ ಮೇಲಿದೆ, ಆಮೇಲೆ ಇಳಿಯುತ್ತೆ ಎಂದಿದ್ದ, ಅಷ್ಟೇ. ಪಂದ್ಯಕ್ಕೆ ಮೊದಲೇ ಎರಡನೆಯ ಅರ್ಧ ಅವನ ತಲೆಯಲ್ಲಿತ್ತು, ಅಗ್ರಹಾರದ ಬುದ್ಧಿ, ಎಲ್ಲವನ್ನೂ ಮೊದಲೇ ಮಡಿಸಿ ಇಟ್ಟುಕೊಂಡಿರುತ್ತದೆ. ಆ ಟಾಸಿಗೆ ರೆಫರಿ ಚಿಮ್ಮಿದ್ದು ಹೊಸ ನಯಾಪೈಸೆ, ಅಷ್ಟು ಸಣ್ಣದು, ಮಣ್ಣಿನಲ್ಲಿ ಕಾಣದೆ ಬಗ್ಗಿ ಹುಡುಕುತ್ತಿದ್ದರು, ಆಗಲೇ ದೊರೆಸ್ವಾಮಿ ಪಕ್ಕಕ್ಕೆ ಬಂದು ಮೂಗು ಅರಳಿಸಿ, ಏನ್ರೀ ಚೆಲುವರಾಜು, ಹರಳೆಣ್ಣೆ ವಾಸನೆ, ಎಣ್ಣೆ ನೀರೇನಾದ್ರೂ ಆಯ್ತೋ? ತಲೆಗೆ ಹಾಕ್ಕೊಂಡಿದ್ದೆ ಸಾರ್, ಉಷ್ಣ. ಓಹೋ. ಹೇಳೋದೇನೂ ಇಲ್ವಲ್ಲ? ಇಲ್ಲ ಸಾರ್. ತಲೆಗೆ ಹಾಕಿದ ಎಣ್ಣೆ ಮೊಣಕಾಲಿನಿಂದ ನಾರುತ್ತದೆಯೇ, ಮೂರ್ಖ, ಏನಂದುಕೊಂಡನೋ, ಏನೂ ಅಂದುಕೊಂಡಿರಲಾರ, ಬ್ರಾಹ್ಮಣರ ಮನೆಯಲ್ಲೂ ಎಣ್ಣೆ ಹಾಕಿಕೊಳ್ಳುತ್ತಾರೆ — ಅನ್ನ! ಅನ್ನ ಚೆಲುವರಾಜು!

ಬಾಲು ನಡುವೆ, ಏಳನೆಯವನು, ಕೈ ಮೇಲೆತ್ತಿದರೆ ಸಾಕು, ಎತ್ತಿದ, ಬೆರಳ ತುದಿಗೆ ತಾಗಿತು, ಆಚೆ ಬಿತ್ತು, ಮರಿಸ್ವಾಮಿ ಹಿಡಿದುಕೊಂಡು ಓಡಿದ, ಆ ಕಡೆ ಬುಟ್ಟಿಗೆ ಹಾಕಿದ, ಜನ ಎದ್ದು ನಿಂತರು. ಮೂವತ್ತೇಳು ಅವರದು, ಮೂವತ್ತಾರು ನಮ್ಮದು. ಎಷ್ಟು ಹೊತ್ತಾಯಿತು, ಯಾವಾಗ ಇಷ್ಟು ಹತ್ತಿರ ಬಂದೆವು, ಚೆಲುವರಾಜು ಆ ಕಡೆಗೆ ಓಡಿಯೇ ಇಲ್ಲ, ನಾಲ್ವರು ಹೋಗಿ ಹಾಕಿ ಬರುತ್ತಾರೆ, ಇವನು ಗೆರೆಯಿಂದ ಮೈದಾನದ ನಡುವಿನವರೆಗೆ ನಡೆದು ಮತ್ತೆ ಗೆರೆಗೆ, ಯಾರೂ ಯಾಕೆ ಅಂತ ಕೇಳುತ್ತಿಲ್ಲ, ಬಾಗಿಲು ಕಾಯುವವನ ಹಾಗೆ ನಿಂತಿದ್ದಾನೆ, ಒಂದು ಕಾಲದಲ್ಲಿ ಇವನಿಗಿಂತ ಜೋರಾಗಿ ಓಡುವವರು ಕಚೇರಿಗಳಲ್ಲೇ ಇರಲಿಲ್ಲ, ಒಂದು ಕಾಲ ಅಂದರೆ ಮೂರು ವಾರ. ದುಂಡು ಗೆರೆ ಅಲ್ಲಲ್ಲಿ ಅಳಿಸಿದೆ, ಮೊದಲರ್ಧದಲ್ಲಿ ಬೆಂಗಳೂರಿನವರು ಇದೇ ಬುಟ್ಟಿಯ ಕೆಳಗೆ ನಿಂತು ತುಳಿದಿದ್ದಾರೆ, ಆದರೂ ಇದೆ, ಒದ್ದೆ ಮಣ್ಣಿಗೆ ಹಿಮ್ಮಡಿ ಊರಿ ಎಳೆದದ್ದು, ಆಳವಾಗಿದೆ, ಒಣಗಿ ಗಟ್ಟಿಯಾಗಿದೆ. ಏಳನೆಯವನು ಮತ್ತೆ ಬಂದ, ಈ ಸಲ ಭುಜ ಕೊಟ್ಟು ಗುದ್ದಿಯೇ ಒಳಗೆ ಬಂದ, ಬಲಗಾಲು ಹಿಂದಕ್ಕೆ ಇಟ್ಟದ್ದೇ ತಪ್ಪಾಯಿತು, ಚಿಲಕ ಬಿತ್ತು ಟಕ್, ಕಣ್ಣಿಗೆ ಕತ್ತಲೆ, ಬಾಲು ಬುಟ್ಟಿಗೆ ಬಿದ್ದ ಸದ್ದು ಮಾತ್ರ ಕೇಳಿತು. ಮೂವತ್ತೊಂಬತ್ತು ಮೂವತ್ತಾರು. ಮತ್ತೆ ಚಾಮಯ್ಯ ಹಾಕಿದ, ಮೂವತ್ತೆಂಟು. ದೊರೆಸ್ವಾಮಿ ಎರಡು ಕೈ ಸೇರಿಸಿ ಟೈಮ್ ಕೇಳಿದ.

ಇನ್ನೊಂದು ನಿಮಿಷದ ಆಟ ಇದೆ ಎಂದರು, ನೀರು ಕುಡಿದರು, ತಂಬಿಗೆ ತಂದುಕೊಟ್ಟವನು ಹುಚ್ಚಣ್ಣ, ಅವನ ಜಾಕೀಟಿನ ಗುಂಡಿ ಬಿಚ್ಚಿದೆ, ಕಣ್ಣು ಕ್ಯಾಪ್ಟನ್ನನ ಮೇಲೆ ಒಂದು ಸಲ, ಚೆಲುವರಾಜುವಿನ ಕಾಲಿನ ಮೇಲೆ ಒಂದು ಸಲ, ಒಳ್ಳೆಯ ಹುಡುಗ, ಮನೆಯಲ್ಲಿ ಅಮ್ಮ, ತಂಗಿ ಪಂಕಜಾ, ಒಂದು ಸಲ ಕಚೇರಿಗೆ ಊಟದ ಕ್ಯಾರಿಯರ್ ತಂದಿದ್ದಳು, ಎಲ್ಲರಿಗೂ ಹಂಚಿ ತಿಂದ, ಚೆಲುವರಾಜುಗೆ ದೊಡ್ಡ ಪಾಲು ಕೊಟ್ಟ. ಈಗ ಹೇಳಬಹುದು. ಕೈ ಎತ್ತಿದರೆ ಸಾಕು. ಸಾರ್, ನನ್ನ ಕೈಲಿ ಆಗಲ್ಲ, ಹುಚ್ಚಣ್ಣನ ಕಳಿಸಿ. ಎಷ್ಟು ಸಣ್ಣ ಮಾತು, ಬಾಯಿಯ ತುದಿಯಲ್ಲೇ ಇದೆ, ಹೇಳಿದರೆ ಇವನು ಬೆಂಚಿನ ಮೇಲೆ, ಮಾರ್ಚಿಗೆ ಆರ್ಡರು ಮುಗಿಯಿತು, ಹೂಟಗಳ್ಳಿಯ ಆ ಎರಡು ಎಕರೆಗೆ ವಾಪಸ್ಸು, ಕುಂಟುತ್ತ, ಹೇಳದಿದ್ದರೆ, ಹೇಳದೆ ಸೋತರೆ, ಐವರನ್ನೂ ಮುಳುಗಿಸಿದ ಹಾಗೆ, ಹೇಳದೆ ಗೆದ್ದರೆ — ದೊರೆಸ್ವಾಮಿ ಇವನ ಕಡೆಗೇ ನೋಡುತ್ತಿದ್ದ. ಏನಾದ್ರೂ ಹೇಳೋದಿದೆಯೇನ್ರೀ ಚೆಲುವರಾಜು? ಮೂರನೇ ಸಲ. ಎಣಿಸಿದ್ದು ಚೆಲುವರಾಜುವೇ, ಮೂರು. ಇಲ್ಲ ಸಾರ್. ದೊರೆಸ್ವಾಮಿ ತಂಬಿಗೆ ಕೆಳಗಿಟ್ಟ. ಸರಿ, ಹಾಗಾದ್ರೆ ಗೆರೆ ಬಿಟ್ಟು ಅಲ್ಲಾಡಬೇಡಿ, ಅವನು ನಿಮ್ಮ ಹತ್ರಾನೇ ಬರೋದು, ಬರಲಿ, ನೀವು ಹೋಗಬೇಡಿ.

ಬೆಂಗಳೂರಿನವರು ಒಳಕ್ಕೆಸೆದ ಬಾಲಿನ ಮೇಲೆ ಇಬ್ಬರು ಬಿದ್ದು ಕಸಿದುಕೊಂಡರು, ಈಗ ನಮ್ಮ ಕೈಯಲ್ಲಿ ಬಾಲು, ಪುಟ್ಟಸ್ವಾಮಿ ಓಡಿದ, ಬಿದ್ದ, ಎದ್ದ, ಹಾಕಿದ, ಹೇಗೆ ಹಾಕಿದನೋ ದೇವರಿಗೇ ಗೊತ್ತು, ನಲವತ್ತು ಮೂವತ್ತೊಂಬತ್ತು, ಜನರ ಕೂಗಿಗೆ ಆಲದ ಮರದ ಕಾಗೆಗಳು ಎದ್ದವು, ಇನ್ನು ಎಷ್ಟು, ಹತ್ತು ಸೆಕೆಂಡು, ಹನ್ನೆರಡು, ಬಂದರು, ಬೆಂಗಳೂರಿನವರು ಎಲ್ಲರೂ ಬಂದರು, ಪಲ್ಯ, ಹುಳಿ, ಮತ್ತೆ ಪಲ್ಯ, ಗಂಟಲುಗಳೆಲ್ಲ ಒಡೆದಿವೆ, ಅನ್ನ, ಅನ್ನ, ಏಳನೆಯವನು ನಡುವೆ ಬಂದ, ಸೂರ್ಯ ಅವನ ಮುಖದ ಮೇಲೆ, ಕಣ್ಣು ಕಿರಿದು ಮಾಡಿಕೊಂಡು ನೇರವಾಗಿ, ಎಡಕ್ಕೆ ಹೋಗುತ್ತಾನೋ ಬಲಕ್ಕೋ, ಬಲಕ್ಕಾದರೆ ಮುಗಿಯಿತು, ಹಿಂದೆ ಹೋಗಲಾ, ಬೇಡ, ನೀವು ಹೋಗಬೇಡಿ, ಎರಡು ಕಾಲೂ ಗೆರೆಯೊಳಗೆ, ಎರಡು ಕೈಯೂ ಆಕಾಶಕ್ಕೆ, ಅವ್ವಾ — ಎದೆಗೆ ಬಡಿಯಿತು ಅವನ ಮೈ, ಪೂರಾ ಮೈ, ಚೆಲುವರಾಜು ಅಂಗಾತ ಬಿದ್ದ, ಬಾಲು ಎಲ್ಲಿ, ಸೀಟಿ, ಉದ್ದನೆಯ ಸೀಟಿ, ರೆಫರಿಯ ಬೆರಳು ಯಾರ ಕಡೆ, ಏಳನೆಯವನ ಕಡೆ, ನಿಂತವನಿಗೆ ಬಂದು ಗುದ್ದಿದ್ದು ಅವನು, ತಪ್ಪು ಅವನದು, ನಿಂತವನದಲ್ಲ, ಅದರ ಬೆನ್ನಿಗೇ ಇನ್ನೊಂದು ಸೀಟಿ, ಆಟ ಮುಗಿಯಿತು. ಗೆದ್ದೆವು. ಗೆದ್ದೆವಲ್ಲ. ಮಗ್ಗುಲಾದ, ಕೆನ್ನೆ ಮಣ್ಣಿಗೆ ತಾಗಿತು, ತಣ್ಣನೆಯ ಮಣ್ಣು, ಕಣ್ಣಿನ ಮುಂದೆಯೇ ಆ ಗೆರೆ, ಇಷ್ಟು ಹತ್ತಿರದಿಂದ ಅದು ಕಾಲುವೆಯಷ್ಟು ದೊಡ್ಡದಾಗಿ ಕಾಣುತ್ತದೆ, ಅಂಚಿನಲ್ಲಿ ಮಣ್ಣು ಒಣಗಿ ಸಿಡಿದಿದೆ. ಒಣಗಿದೆ. ಬಿಡುವಿನಲ್ಲಿ ಎಳೆದ ಗೆರೆಯಾದರೆ ಇಷ್ಟು ಒಣಗುತ್ತಿತ್ತೇ. ಮೇಲೆ ಬೆಂಗಳೂರಿನವರ ಶೂ ಗುರುತಿದೆ, ಮೊದಲರ್ಧದ್ದು, ಅಂದರೆ ಗೆರೆ ಅದಕ್ಕೂ ಮೊದಲಿನದು — ಮೈದಾನಕ್ಕೆ ಆಗತಾನೇ ನೀರು ಚಿಮುಕಿಸಿದ್ದರು, ನಾಲ್ಕು ಗಂಟೆ, ಇನ್ನೂ ಯಾರೂ ಬಂದಿರಲಿಲ್ಲ, ಚೆಲುವರಾಜು ಸೈಕಲ್ ನಿಲ್ಲಿಸಿ ಮರಕ್ಕೆ ಒರಗಿ ಲೇಸು ಕಟ್ಟಿಕೊಳ್ಳುತ್ತಿದ್ದ, ದೂರದಲ್ಲಿ ಪಡುವಣ ಕಂಬದ ಕೆಳಗೆ ದೊರೆಸ್ವಾಮಿ ಒಬ್ಬನೇ, ಕೈ ಬೆನ್ನಿಗೆ ಕಟ್ಟಿಕೊಂಡು, ಹಿಮ್ಮಡಿಯ ಮೇಲೆ ನಿಧಾನವಾಗಿ ಸುತ್ತುತ್ತಿದ್ದ, ಬಸ್ಸಿಗೆ ಕಾಯುವವನ ಹಾಗೆ, ಎಂಥ ನಿಶ್ಚಿಂತ ಮನುಷ್ಯ ಅಂದುಕೊಂಡಿದ್ದ ಆಗ. ಒಂದೇ ಗೆರೆ. ಮಿಕ್ಕ ನಾಲ್ವರಿಗೆ ಗೆರೆ ಇಲ್ಲ, ಬಾಯಿಮಾತು. ಗೊತ್ತಿತ್ತು. ಛತ್ರದ ಗೋಡೆ ಹಿಡಿದಾಗಿನಿಂದ ಗೊತ್ತಿತ್ತು. ಕುಂಟನೊಬ್ಬನಿಗೆ ಒಂದು ಜಾಗ ಮಾಡಿ ಅದರ ಸುತ್ತ ನಾಲ್ವರನ್ನು ನಿಲ್ಲಿಸಿದ, ಆದರೂ ಬಿಡುವಿನವರೆಗೆ ಅದನ್ನು ಮಡಿಸಿ ಇಟ್ಟುಕೊಂಡಿದ್ದ, ಒಂದು ಅರ್ಧ ಪೂರ್ತಿ ಕಾದ, ಹದಿನೇಳು ಪಾಯಿಂಟು ಹೋದರೂ ಕಾದ, ಇವನೇ ಬಾಯಿ ಬಿಟ್ಟು ಹೇಳಲಿ ಅಂತ, ಮೂರು ಸಲ ಕೇಳಿದ, ಮೂರು ಸಲ ಇಲ್ಲ ಸಾರ್.

ನಾಚಿಕೆ ಆಯಿತು, ಗೆದ್ದ ಖುಷಿಗಿಂತ ಮೊದಲು ನಾಚಿಕೆ ಬಂತು, ಅಳು ಬರುವಷ್ಟು. ದೊರೆಸ್ವಾಮಿ ಪಕ್ಕದಲ್ಲಿ ನಿಂತಿದ್ದ, ಕೈ ಕೊಟ್ಟ, ಏಳಿ ಚೆಲುವರಾಜು, ನಿಧಾನ, ನನ್ನ ಮೇಲೆ ಭಾರ ಹಾಕಿ, ಸಾರ್ ನಾನು ಅಂತ ಇವನು ಬಾಯಿ ತೆರೆದ, ಅವನು ಈಗ ಬೇಡ ಎಂದ, ಮೆಲ್ಲಗೆ, ನಂಜುಂಡಯ್ಯನವರು ಬರ್ತಿದಾರೆ. ನಂಜುಂಡಯ್ಯನವರು ಕೊಡೆ ಊರಿಕೊಂಡು ನಗುತ್ತ ಮೈದಾನಕ್ಕೆ ಇಳಿದರು, ಶಭಾಷ್ ಕಣ್ರಯ್ಯ, ಏನು ನಿಲುವು, ಏನು ನಿಲುವು ನಮ್ಮ ಚೆಲುವರಾಜೂದು, ಬಂಡೆ ಬಂಡೆ, ನಾಳೇನೇ ಫೈಲು ಮೇಲಕ್ಕೆ ಕಳಿಸ್ತೀನಿ. ದೊರೆಸ್ವಾಮಿ ಅವರಿಗೆ ಹೌದು ಸಾರ್ ಹೌದು ಸಾರ್ ಅನ್ನುತ್ತಲೇ, ಮುಖ ಅವರ ಕಡೆಗೇ ಇಟ್ಟುಕೊಂಡು, ಶೂವಿನ ಅಂಗಾಲಿನಿಂದ ಆ ಗೆರೆಯನ್ನು ತಿಕ್ಕುತ್ತಿದ್ದ, ಎಡಕ್ಕೆ ಒಂದು ಸಲ, ಬಲಕ್ಕೆ ಒಂದು ಸಲ, ಒಣಗಿದ ಮಣ್ಣು, ಅರ್ಧ ಅಳಿಸಿತು, ಅರ್ಧ ಉಳಿಯಿತು. ಅಷ್ಟರಲ್ಲಿ ಚೆಲುವಣ್ಣ ಅಂತ ಕೂಗಿಕೊಂಡು ಹುಚ್ಚಣ್ಣ ಓಡಿ ಬಂದ, ಎರಡು ಕೈಯಲ್ಲೂ ತಬ್ಬಿಕೊಂಡ, ಗೆದ್ದ್‌ಬುಟ್ರಿ ಚೆಲುವಣ್ಣ, ಗೆದ್ದ್‌ಬುಟ್ರಿ, ಅವನ ಕಣ್ಣು ಒದ್ದೆ, ಅದು ಯಾತಕ್ಕೆ ಒದ್ದೆ ಅಂತ ಕೇಳುವ ಧೈರ್ಯ ಯಾರಿಗಿದೆ, ಚೆಲುವರಾಜು ತಲೆ ತಗ್ಗಿಸಿದ, ಕೆಳಗೆ ಗೆರೆ, ಅರ್ಧ ಉಳಿದ ದುಂಡು ಗೆರೆ, ಅದರೊಳಗೆ ಸರಿಯಾಗಿ ಊರಿ ನಿಂತ ಎರಡು ಶೂ, ಬೆಳ್ಳಗೆ, ಸೀಮೆಸುಣ್ಣ ಬಳಿದದ್ದು, ಒಂದು ಚಿಟಿಕೆ ಮಣ್ಣೂ ತಾಗಿಲ್ಲ — ಯಾರೋ ಭುಜ ತಟ್ಟುತ್ತಿದ್ದಾರೆ, ಯಾರೋ ಹಾರ ತಂದರು, ಫೋಟೋಗೆ ನಿಲ್ಲಿ ಅನ್ನುತ್ತಿದ್ದಾರೆ, ಮೇಲೆ ನೋಡಿ ಚೆಲುವರಾಜು, ಈ ಕಡೆ ನೋಡಿ, ನೋಡಬೇಕು, ನೋಡುತ್ತೇನೆ ಅಂದ, ಆಗಲಿಲ್ಲ, ದುಂಡು ಗೆರೆ, ಅದರೊಳಗೆ ಬೆಳ್ಳನೆಯ ಎರಡು ಶೂ.